ಗಾಡಿಮನೆಯ ಋಣ: ಸ್ಟುಡಬೇಕರ್ ಅಣ್ಣತಮ್ಮಂದಿರ ಪ್ರಕರಣ

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಮರದ ಗಾಡಿಯೊಂದಿದೆ. ನಡು ತಗ್ಗಿ ಎರಡು ತುದಿಯೂ ಮೇಲೆದ್ದ, ದೋಣಿಯಂಥ ಒಡಲಿನ ಈ ಜಾತಿಗೆ ಅಲ್ಲಿ ಕಾನೆಸ್ಟೋಗಾ ಎನ್ನುತ್ತಾರೆ. ಜಾನ್ ಕ್ಲೆಮೆಂಟ್ ಸ್ಟುಡಬೇಕರ್ ಎಂಬ ಕಮ್ಮಾರ ಇದನ್ನು ತನ್ನ ಕೈಯಾರೆ ಕಟ್ಟಿದ. 1830ರ ದಶಕದಲ್ಲಿ ಹೆಂಡತಿ ಮಕ್ಕಳನ್ನೂ ಪಾತ್ರೆಪಡಗವನ್ನೂ ಇದರಲ್ಲಿ ಹೇರಿಕೊಂಡು ಪೆನ್ಸಿಲ್ವೇನಿಯಾದಿಂದ ಓಹಾಯೋಗೆ ವಲಸೆ ಬಂದ. ಅದೇ ಸೂರಿನಡಿ 1960ರ ದಶಕದ ಕಾರುಗಳೂ ನಿಂತಿವೆ. ಆ ಗಾಡಿಗೂ ಈ ಕಾರುಗಳಿಗೂ ಒಂದೇ ಮನೆತನದ ಹೆಸರು.

ಕುದುರೆಗಾಡಿ ಕಟ್ಟುವ ಕುಲುಮೆಗಳು ಆ ದೇಶದಲ್ಲಿ ಸಾವಿರಾರು ಇದ್ದವು. ಮೋಟಾರು ಬಂದ ಮೇಲೆ ಹೆಚ್ಚಿನವು ತಣ್ಣಗಾದವು. ಕೆಲವರು ದಾರಿ ಬದಲಿಸಿದರು. ಜನರಲ್ ಮೋಟಾರ್ಸ್ ಕಟ್ಟಿದ ವಿಲಿಯಂ ಡ್ಯುರಾಂಟ್ ಮೊದಲು ಮಿಶಿಗನ್‌ನ ಫ್ಲಿಂಟ್ ಊರಿನಲ್ಲಿ ಕುದುರೆಗಾಡಿ ಮಾರುತ್ತಿದ್ದವನೇ. ಆದರೆ ಗಾಡಿಯ ಮೇಲಿದ್ದ ಹೆಸರನ್ನೇ ಕಾರಿನ ಮೇಲೆ ಅರ್ಧ ಶತಮಾನಕ್ಕೂ ಮೀರಿ ಉಳಿಸಿಕೊಂಡ ಇಷ್ಟು ದೊಡ್ಡ ಅಮೆರಿಕನ್ ಗಾಡಿಮನೆ ಇನ್ನೊಂದು ನನಗೆ ಕಾಣದು. ಉಳಿದದ್ದು ಹೇಗೆ ಎಂದು ಕೇಳಿದರೆ ಜಾಣ್ಮೆ, ಯಂತ್ರ, ಯುದ್ಧದ ಆರ್ಡರು ಎಂದು ಬಗೆಬಗೆಯ ಉತ್ತರ ಸಿಗುತ್ತದೆ. ಈ ಮನೆಯ ಕಥೆಯನ್ನು ಸಾಲ ಮತ್ತು ಋಣದ ಕಡೆಯಿಂದ ಓದಬೇಕು ಎನ್ನುವುದು ನನ್ನ ಅಭಿಪ್ರಾಯ. ಯಾರು ಯಾರಿಗೆ ಬಾಕಿ, ಆ ಬಾಕಿಯನ್ನು ಯಾರು ತೀರಿಸಿದರು ಎಂಬ ಲೆಕ್ಕ ಹಿಡಿದರೆ ಮನೆ ಏಳುವುದೂ ಕಾಣುತ್ತದೆ, ಕುಸಿಯುವುದೂ ಕಾಣುತ್ತದೆ.

ಅಂಗಡಿಯ ಮೇಲಿನ ಬರಹ

ಮನೆತನದ ಮೂಲ ಜರ್ಮನಿಯ ಸೋಲಿಂಗನ್. ಚಾಕು, ಕತ್ತಿಗಳಿಗೆ ಹೆಸರಾದ ಊರು. 1736ರಲ್ಲಿ ಹಡಗು ಹತ್ತಿ ಫಿಲಡೆಲ್ಫಿಯಾಕ್ಕೆ ಬಂದಿಳಿದವರ ವಂಶ ಇದು. ಡಂಕರ್ಡ್ ಎಂದು ಕರೆಸಿಕೊಳ್ಳುತ್ತಿದ್ದ ಪಂಗಡಕ್ಕೆ ಸೇರಿದವರು. ಆಯುಧ ಹಿಡಿಯಬಾರದು, ಆಣೆ ಇಡಬಾರದು, ಕೋರ್ಟು ಕಟ್ಟೆ ಹತ್ತಬಾರದು, ಆಡಂಬರ ಕೂಡದು ಎಂಬ ಕಟ್ಟುಪಾಡಿನ ಜನ.

ಓಹಾಯೋದ ಆಶ್‌ಲ್ಯಾಂಡ್ ಬಳಿಯ ಕುಲುಮೆಯ ಮೇಲೆ ಜಾನ್ ಕ್ಲೆಮೆಂಟ್ ಬೈಬಲಿನ ಒಂದು ಮಾತನ್ನು ಬರೆಸಿ ಹಾಕಿದ್ದ. ಒಬ್ಬರನ್ನೊಬ್ಬರು ಪ್ರೀತಿಸುವ ಋಣವೊಂದನ್ನು ಬಿಟ್ಟು ಬೇರಾವ ಋಣವನ್ನೂ ಇಟ್ಟುಕೊಳ್ಳಬೇಡಿ ಎಂಬುದು ಅದರ ತಿರುಳು. ಬರೆಸಿದವನು ಮಾತ್ರ ಸಿರಿವಂತನಾಗಲಿಲ್ಲ. ಹತ್ತು ಮಕ್ಕಳು, ಐದು ಗಂಡು, ಐದು ಹೆಣ್ಣು. ಕುಲುಮೆಯ ದುಡಿಮೆ ಆ ಮನೆಗೆ ಸಾಲುತ್ತಿರಲಿಲ್ಲ. ಆದರೂ ಐದೂ ಗಂಡುಮಕ್ಕಳು ಕಬ್ಬಿಣ ಕಾಯಿಸುವುದನ್ನು, ಮರ ಕೆತ್ತುವುದನ್ನು, ಆ ಬರಹದ ಅರ್ಥವನ್ನು ಅಲ್ಲೇ ಕಲಿತರು.

68 ಡಾಲರು, ಎರಡು ಕುಲುಮೆ

1852ರ ಫೆಬ್ರವರಿ 16ರಂದು ಹಿರಿಯ ಮಗ ಹೆನ್ರಿ ಮತ್ತು ಎರಡನೆಯವನು ಕ್ಲೆಮೆಂಟ್ ಸೌತ್ ಬೆಂಡ್‌ನಲ್ಲಿ ಅಂಗಡಿ ತೆರೆದರು. ಬಂಡವಾಳ 68 ಡಾಲರು. ಆ ಊರಿಗೆ ಆಗಷ್ಟೇ ರೈಲು ಬಂದಿತ್ತು. ಕ್ಲೆಮೆಂಟ್ ಅದಕ್ಕೂ ಮೊದಲು ಅಲ್ಲಿಯೇ ಶಾಲೆಯ ಮೇಷ್ಟ್ರಾಗಿದ್ದ, ಒಕ್ಕಣೆ ಯಂತ್ರದ ಕಾರ್ಖಾನೆಯಲ್ಲಿ ಕೂಲಿಯನ್ನೂ ಮಾಡಿದ್ದ. ಮೊದಲ ವರ್ಷ ಹೊಟ್ಟೆ ಹೊರೆದದ್ದು ಲಾಳ ಕಟ್ಟುವ, ಮುರಿದದ್ದನ್ನು ರಿಪೇರಿ ಮಾಡುವ ಕೆಲಸ. ಹೊಸದಾಗಿ ಕಟ್ಟಿದ ಗಾಡಿಗಳು ಬೆರಳಲ್ಲಿ ಎಣಿಸುವಷ್ಟು.

ಮೂರನೆಯವನು ಜಾನ್ ಮೋಲರ್. ಹತ್ತೊಂಬತ್ತರ ಹುಡುಗ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಅವನ ತಲೆ ಹೊಕ್ಕಿತ್ತು. ಕೈಯಲ್ಲಿ ಕಾಸಿಲ್ಲ, ಆದರೆ ಗಾಡಿ ಕಟ್ಟಬಲ್ಲ. ಒಂದು ಗಾಡಿ ಕಟ್ಟಿ, ಪಶ್ಚಿಮಕ್ಕೆ ಹೊರಟ ತಂಡಕ್ಕೆ ಕೊಟ್ಟು, ಅದನ್ನೇ ಪ್ರಯಾಣದ ಖರ್ಚಾಗಿ ಲೆಕ್ಕ ಹಿಡಿಸಿ 1853ರಲ್ಲಿ ಹೊರಟ. ತಿಂಗಳುಗಟ್ಟಲೆ ನಡೆದು ಪ್ಲಾಸರ್‌ವಿಲ್ ಎಂಬ ಗಣಿ ಊರು ಮುಟ್ಟುವಾಗ ಜೇಬಿನಲ್ಲಿ ಉಳಿದದ್ದು 50 ಸೆಂಟು. ಬಂದವರಲ್ಲಿ ಗಾಡಿ ಕಟ್ಟುವವನು ಯಾರಾದರೂ ಇದ್ದಾನೆಯೇ ಎಂದು ಆ ಊರಿನ ಕಮ್ಮಾರ ವಿಚಾರಿಸಿದ. ಚಿನ್ನ ಅಗೆಯಲು ಬಂದವನಿಗೆ ಮತ್ತೆ ಸುತ್ತಿಗೆ ಹಿಡಿಯಲು ಮನಸ್ಸಿರಲಿಲ್ಲ. ಪಕ್ಕದಲ್ಲಿದ್ದವರೊಬ್ಬರು, ಸಿಕ್ಕ ಕೆಲಸ ಬಿಡಬೇಡ, ಚಿನ್ನ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಬುದ್ಧಿ ಹೇಳಿದರಂತೆ.

ಕೆಲಸ ಗಣಿಗಾರರಿಗೆ ಒಂಟಿಚಕ್ರದ ತಳ್ಳುಗಾಡಿ ಮಾಡುವುದು. ಒಂದಕ್ಕೆ 10 ಡಾಲರು. ಮೊದಲು ಮಾಡಿದ್ದು ಸೊಟ್ಟಗಿತ್ತು, ಚಕ್ರ ಓಲಾಡುತ್ತಿತ್ತು. ಆಮೇಲೆ ಕೈ ಪಳಗಿತು. ಊರವರು ಅವನನ್ನು ‘ತಳ್ಳುಗಾಡಿ ಜಾನಿ’ ಎಂದೇ ಕರೆದರು. ಸುತ್ತಲಿನವರು ಬೆಟ್ಟ ಅಗೆದು ಬರಿಗೈಯಾಗುತ್ತಿದ್ದಾಗ ಈ ಹುಡುಗ ಐದು ವರ್ಷ ಮರ ಕೆತ್ತಿ 8,000 ಡಾಲರು ಕೂಡಿಟ್ಟ. ಅಣ್ಣಂದಿರು ಅಂಗಡಿ ತೆರೆದ ಬಂಡವಾಳದ ನೂರು ಪಟ್ಟಿಗೂ ಮೀರಿದ ಹಣ ಅದು.

ಈ ಪ್ರಕರಣದ ಕೀಲು ಇರುವುದು ಇಲ್ಲಿ ಎಂದು ನಾನು ತಿಳಿದಿದ್ದೇನೆ. 1857ರ ಹೊತ್ತಿಗೆ ಅಣ್ಣಂದಿರ ಮುಂದೆ ಒಂದು ದೊಡ್ಡ ಅವಕಾಶವಿತ್ತು. ನೆರೆಯ ಮಿಶಾವಾಕಾದ ಮಿಲ್‌ಬರ್ನ್ ಎಂಬ ಗಾಡಿ ತಯಾರಕರಿಗೆ ಸೇನೆಯಿಂದ ಭಾರೀ ಆರ್ಡರು ಬಂದಿತ್ತು. ಅದರಲ್ಲಿ ನೂರು ಗಾಡಿಗಳ ಪಾಲನ್ನು ಅವರು ಸ್ಟುಡಬೇಕರ್ ಅಂಗಡಿಗೆ ವಹಿಸಿದರು. ಕೆಲಸ ಇತ್ತು, ಅದನ್ನು ನಡೆಸುವಷ್ಟು ಹಣ ಇರಲಿಲ್ಲ. ಜೊತೆಗೆ ಮನೆಯೊಳಗೇ ಒಂದು ಬಿಕ್ಕಟ್ಟು. ಸೇನೆಗೆ ಗಾಡಿ ಕಟ್ಟುವುದು ಹಿರಿಯವನಾದ ಹೆನ್ರಿಯ ಧರ್ಮಬುದ್ಧಿಗೆ ಒಗ್ಗಲಿಲ್ಲ ಎಂಬ ಮಾತು ಆ ಮನೆತನದ ಕಥೆಯಲ್ಲಿ ಉಳಿದುಬಂದಿದೆ. ಕುಲುಮೆಗಿಂತ ಬೇಸಾಯದ ಕಡೆಗೆ ಅವನ ಒಲವಿತ್ತು. 1858ರಲ್ಲಿ ಜಾನ್ ತಿರುಗಿ ಬಂದ, ಹೆನ್ರಿಯ ಪಾಲನ್ನು ಹಣ ಕೊಟ್ಟು ಕೊಂಡ. ಹೆನ್ರಿ ಹೊಲಕ್ಕೆ ಹೋದ.

ಅಣ್ಣತಮ್ಮಂದಿರು ಪಾಲಾಗುವಾಗ ಮನೆ ಒಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಪಾಲು ಕೇಳಿದವನಿಗೆ ರೊಕ್ಕ ಸಿಕ್ಕಿತು, ಅಂಗಡಿಗೆ ಹೊಸ ಕೈ ಸಿಕ್ಕಿತು, ಸಾಲ ಕೊಡುವ ಹೊರಗಿನವನೊಬ್ಬನೂ ಒಳಗೆ ಕಾಲಿಡಲಿಲ್ಲ. ತಂದೆಯ ಬರಹ ಮಕ್ಕಳ ವ್ಯವಹಾರದಲ್ಲಿ ಇಷ್ಟು ನೇರವಾಗಿ ಕೆಲಸ ಮಾಡಿದ್ದು ಮತ್ತೆ ಎಂದೂ ಇಲ್ಲ.

ಮರ ಒಣಗುವ ಕಾಲ

ಗಾಡಿ ಕಟ್ಟುವ ಕಸುಬಿನಲ್ಲಿ ಹಣ ಹೇಗೆ ಸಿಕ್ಕಿಬೀಳುತ್ತದೆ ಎಂಬುದನ್ನು ತಿಳಿಯದೆ ಈ ಸಂಸ್ಥೆಯನ್ನು ತಿಳಿಯಲಾಗದು. ನಮ್ಮ ಕಡೆ ಎತ್ತಿನ ಗಾಡಿಯ ಚಕ್ರಕ್ಕೆ ಹಳಿ ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಚಕ್ರದ ಅಳತೆಗಿಂತ ಕೂದಲೆಳೆ ಚಿಕ್ಕದಾಗಿ ಕಬ್ಬಿಣದ ಪಟ್ಟಿಯನ್ನು ಬಳೆಯಂತೆ ಬೆಸೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ, ಚಕ್ರದ ಮೇಲೆ ಕೂರಿಸಿ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗುತ್ತ ಮರವನ್ನೆಲ್ಲ ಒಳಕ್ಕೆ ಬಿಗಿಯುತ್ತದೆ. ಮರ ಪೂರ್ತಿ ಒಣಗಿದ್ದರೆ ಆ ಬಿಗಿ ವರ್ಷಗಟ್ಟಲೆ ನಿಲ್ಲುತ್ತದೆ. ಹಸಿ ಮರವಾದರೆ ಒಂದೇ ಬೇಸಗೆಗೆ ಸೊರಗಿ ಹಳಿ ಸಡಿಲಾಗಿ, ದಾರಿ ನಡುವೆ ಕಳಚಿಕೊಳ್ಳುತ್ತದೆ.

ಅಚ್ಚಿಗೆ ಹಿಕರಿ, ಅರಗಳಿಗೆ ಓಕ್, ನಡುವಿನ ಗುಂಬಕ್ಕೆ ಬರ್ಚ್, ಹೀಗೆ ಒಂದೊಂದು ಅಂಗಕ್ಕೆ ಒಂದೊಂದು ಮರ. ಕಡಿದ ದಿಮ್ಮಿಯನ್ನು ಸೀಳಿ, ಗಾಳಿಯಾಡುವಂತೆ ಅಟ್ಟಿ ಹಾಕಿ, ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟೂ ಕಾಲ ಹಣ ಅಂಗಳದಲ್ಲಿ ಮರವಾಗಿ ಬಿದ್ದಿರುತ್ತದೆ. ಇತ್ತ ಗಾಡಿ ಕೊಳ್ಳುವ ರೈತ ಸುಗ್ಗಿಯ ಮೇಲೆ ಕೊಡುತ್ತೇನೆ ಎನ್ನುತ್ತಾನೆ. ಮರಕ್ಕೆ ಮೊದಲೇ ದುಡ್ಡು, ಗಾಡಿಗೆ ಆಮೇಲೆ ದುಡ್ಡು. ಚಿಕ್ಕ ಕುಲುಮೆಗಳು ಈ ನಡುವಿನ ಕಾಲದಲ್ಲೇ ಸಾಯುತ್ತಿದ್ದವು. ಸೇನೆಯ ಆರ್ಡರನ್ನು ಹೊತ್ತಿಗೆ ಮುಗಿಸಲು ಅಣ್ಣತಮ್ಮಂದಿರು ಮರ ಒಣಗಿಸುವ ಗೂಡು ಕಟ್ಟಿಕೊಂಡರು. ಬಿಸಿ ಗಾಳಿಯಲ್ಲಿ ಮರದ ನೀರು ಬೇಗ ಇಳಿಯುತ್ತದೆ. ಜಾನ್ ತಂದ 8,000 ಡಾಲರಿನ ಬೆಲೆ ಇದರ ಪಕ್ಕದಲ್ಲಿಟ್ಟು ನೋಡಿದಾಗ ಅರ್ಥವಾಗುತ್ತದೆ. ಅದು ಕಾಯುವ ಶಕ್ತಿಯನ್ನು ತಂದ ಹಣ.

1861ರಲ್ಲಿ ಅಂತರ್ಯುದ್ಧ ಹೊತ್ತಿತು. ಉತ್ತರದ ಸೇನೆಗೆ ಸ್ಟುಡಬೇಕರ್ ಗಾಡಿಗಳು ಹೋದವು. ಯುದ್ಧ ಬೇಡವೆನ್ನುವ ಪಂಗಡದ ಮಕ್ಕಳಿಗೆ ಯುದ್ಧದಿಂದಲೇ ಏಳಿಗೆ. ಈ ವಿರೋಧವನ್ನು ನಾನು ಸುಲಭವಾಗಿ ದಾಟಲಾರೆ. ಹೆನ್ರಿಯ ಪಾಲು ತೀರಿಸಿದ್ದರಿಂದ ಕುಟುಂಬದೊಳಗಿನ ಜಗಳ ತಪ್ಪಿತು, ಅವನು ಎತ್ತಿದ್ದ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ನಾಲ್ಕನೆಯವನು ಪೀಟರ್ ಹುಟ್ಟಾ ವ್ಯಾಪಾರಿ. ಗೋಶೆನ್ ಎಂಬ ಊರಿನಲ್ಲಿದ್ದ ತನ್ನ ಅಂಗಡಿಯ ಪಕ್ಕ ಒಂದು ಕೊಟ್ಟಿಗೆ ಎತ್ತಿ ಅಣ್ಣಂದಿರ ಗಾಡಿಗಳನ್ನು ಅಲ್ಲಿ ನಿಲ್ಲಿಸಿ ಮಾರತೊಡಗಿದ. ಗಾಡಿ ಬೇಕಾದವನು ಕಮ್ಮಾರನಲ್ಲಿಗೆ ಹೋಗಿ ಹೇಳಿ ಮಾಡಿಸಿ ತಿಂಗಳು ಕಾಯುತ್ತಿದ್ದ ಕಾಲದಲ್ಲಿ, ಸಿದ್ಧ ಗಾಡಿಯನ್ನು ಕಣ್ಣಾರೆ ನೋಡಿ ಹೊಡೆದುಕೊಂಡು ಹೋಗಬಹುದು ಎಂಬುದೇ ದೊಡ್ಡ ಬದಲಾವಣೆ. ಮುಂದೆ ಪಶ್ಚಿಮಕ್ಕೆ ವಲಸೆ ಹೋಗುವವರ ಹೆಬ್ಬಾಗಿಲಾಗಿದ್ದ ಮಿಸೌರಿಯ ಸೇಂಟ್ ಜೋಸೆಫ್‌ನಲ್ಲೂ ಅವರ ಮಳಿಗೆ ತೆರೆಯಿತು. 1868ರಲ್ಲಿ ಸ್ಟುಡಬೇಕರ್ ಬ್ರದರ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂದು ನೋಂದಣಿ ಆಯಿತು. ಕೊನೆಯವನು ಜೇಕಬ್ ಸಾರೋಟುಗಳ ವಿಭಾಗ ನೋಡಿಕೊಂಡ. ಕ್ಲೆಮೆಂಟ್ ಅಧ್ಯಕ್ಷ, ಜಾನ್ ತಯಾರಿಕೆ, ಪೀಟರ್ ಮಾರಾಟ, ಜೇಕಬ್ ಸಾರೋಟು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕದಂತೆ ಹಂಚಿಕೊಂಡದ್ದು ಆ ಮನೆಯ ಬುದ್ಧಿವಂತಿಕೆ.

1872ರಲ್ಲಿ ಒಮ್ಮೆ, 1874ರಲ್ಲಿ ಮತ್ತೊಮ್ಮೆ ಕಾರ್ಖಾನೆಗೆ ಬೆಂಕಿ ಬಿತ್ತು. ಎರಡನೆಯ ಸಲ ಹೆಚ್ಚಿನ ಭಾಗ ಬೂದಿಯಾಯಿತು. ಮತ್ತೆ ಕಟ್ಟಿದರು, ಹಿಂದಿನದಕ್ಕಿಂತ ದೊಡ್ಡದಾಗಿ. ಜಗತ್ತಿನಲ್ಲೇ ಅತಿ ದೊಡ್ಡ ವಾಹನಮನೆ ತಮ್ಮದು ಎಂದು ಜಾಹೀರಾತು ಕೊಡುವಷ್ಟು ಬೆಳೆದರು. 1885ರ ಹೊತ್ತಿಗೆ ಶಿಕಾಗೋದ ಮಿಶಿಗನ್ ಅವೆನ್ಯೂದಲ್ಲಿ ಕಲ್ಲಿನ ಭವ್ಯ ಮಳಿಗೆ ಎದ್ದಿತು. ಇಂದಿಗೂ ಫೈನ್ ಆರ್ಟ್ಸ್ ಬಿಲ್ಡಿಂಗ್ ಎಂಬ ಹೆಸರಿನಲ್ಲಿ ಅದು ನಿಂತಿದೆ. 1889ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಶ್ವೇತಭವನಕ್ಕೆ ಸಾರೋಟುಗಳನ್ನು ಇವರಿಂದಲೇ ತರಿಸಿಕೊಂಡ. ಲಿಂಕನ್ ತನ್ನ ಕೊನೆಯ ರಾತ್ರಿ ಫೋರ್ಡ್ ಥಿಯೇಟರಿಗೆ ಹೋದ ಸಾರೋಟು ಬೇರೆಯವರು ಕಟ್ಟಿದ್ದು. ಅದನ್ನೂ ಕ್ಲೆಮೆಂಟ್ ಕೊಂಡು ತಂದು ಜೋಪಾನ ಮಾಡಿದ. ಅವನ ನಲವತ್ತು ಕೋಣೆಗಳ ಕಲ್ಲಿನ ಮನೆ ಟಿಪ್ಪೆಕನೂ ಪ್ಲೇಸ್ ಪೂರ್ತಿಯಾದದ್ದೂ 1889ರಲ್ಲೇ. ಆಡಂಬರ ಕೂಡದೆಂಬ ಕಟ್ಟುಪಾಡು ಆ ಹೊತ್ತಿಗೆ ಬಹಳ ದೂರ ಉಳಿದಿತ್ತು.

ಅಳಿಯ ಬಂದ

ಜೇಕಬ್ 1887ರಲ್ಲಿ ತೀರಿಕೊಂಡ. ಹೆನ್ರಿ 1895ರಲ್ಲಿ, ಪೀಟರ್ 1897ರಲ್ಲಿ, ಕ್ಲೆಮೆಂಟ್ 1901ರಲ್ಲಿ. ಉಳಿದವನು ತಳ್ಳುಗಾಡಿ ಜಾನಿ ಒಬ್ಬನೇ. ಕ್ಲೆಮೆಂಟನ ಗಂಡುಮಕ್ಕಳು ಕಂಪನಿಯಲ್ಲಿ ಇದ್ದರು. ಆದರೆ ಚುಕ್ಕಾಣಿ ಹೋದದ್ದು ಜಾನ್‌ನ ಅಳಿಯ ಫ್ರೆಡರಿಕ್ ಫಿಶ್ ಕೈಗೆ. ಫಿಶ್ ವಕೀಲ, ನ್ಯೂಜೆರ್ಸಿಯವನು. ಕುಲುಮೆಯ ಹೊಗೆಯಲ್ಲಿ ಬೆಳೆದವನಲ್ಲ. ಹಾಗಾಗಿಯೇ ಕುದುರೆಯಿಲ್ಲದ ಗಾಡಿಯನ್ನು ಅವನು ಭಯವಿಲ್ಲದೆ ನೋಡಬಲ್ಲವನಾಗಿದ್ದ. 1897ರಲ್ಲಿ ಕಾರ್ಯಕಾರಿ ಸಮಿತಿಯ ಅಧ್ಯಕ್ಷನಾದ ಮೇಲೆ ಮೋಟಾರು ಗಾಡಿಯ ಪ್ರಯೋಗಕ್ಕೆ ಹಣ ಬಿಡಿಸಿದ.

ಮಾವನಿಗೆ ಪೆಟ್ರೋಲ್ ಗಾಡಿ ಕಂಡರೆ ಆಗುತ್ತಿರಲಿಲ್ಲ. ಗದ್ದಲ, ನಾತ, ಬೇಕಾದ ಹೊತ್ತಿಗೆ ಕೈಕೊಡುವ ಗುಣ ಎಂಬುದು ಅವನ ದೂರು. ಆ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಆದ್ದರಿಂದ 1902ರಲ್ಲಿ ಹೊರಬಂದ ಮೊದಲ ಸ್ಟುಡಬೇಕರ್ ಕಾರು ಬ್ಯಾಟರಿಯದು. ಸದ್ದಿಲ್ಲ, ಹೊಗೆಯಿಲ್ಲ. ಆ ವರ್ಷ ಮಾರಾಟವಾದದ್ದು 20. ಕೊಂಡವರಲ್ಲಿ ಥಾಮಸ್ ಎಡಿಸನ್ ಒಬ್ಬ. ಬ್ಯಾಟರಿಯಲ್ಲಿ ದೂರ ಹೋಗಲಾಗದು ಎಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1904ರಲ್ಲಿ ಪೆಟ್ರೋಲ್ ಕಾರೂ ಬಂತು. ಅದರ ಎಂಜಿನ್ನೂ ಅಡಿಗಟ್ಟೂ ಓಹಾಯೋದ ಗಾರ್ಫರ್ಡ್ ಕಂಪನಿಯವು, ಮೇಲಿನ ಒಡಲು ಸೌತ್ ಬೆಂಡ್‌ನದು.

ಈ ಮನೆಯ ಬಲ ದೌರ್ಬಲ್ಯಗಳು ಈ ಏರ್ಪಾಟಿನಲ್ಲಿ ನಿಚ್ಚಳವಾಗಿ ಕಾಣುತ್ತವೆ. ಮರದ ಒಡಲು ಕಟ್ಟುವುದು, ಬಣ್ಣ ಬಳಿಯುವುದು, ಚರ್ಮದ ಹೊದಿಕೆ ಹೊಲಿಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಊರೂರಲ್ಲಿ ನಂಬಿಗಸ್ತ ಡೀಲರುಗಳು. ಇವು ಅರ್ಧ ಶತಮಾನದ ಗಳಿಕೆ. ಎಂಜಿನ್ ವಿದ್ಯೆ ಮಾತ್ರ ಎಂದೂ ಮನೆಯದಾಗಿರಲಿಲ್ಲ, ಹೊರಗಿನಿಂದ ಕೊಳ್ಳಬೇಕಿತ್ತು. 1908ರಲ್ಲಿ ಡೆಟ್ರಾಯಿಟ್‌ನಲ್ಲಿ ಎವರಿಟ್, ಮೆಟ್ಸ್‌ಗರ್, ಫ್ಲಾಂಡರ್ಸ್ ಎಂಬ ಮೂವರು ಕಟ್ಟಿದ ಇ.ಎಂ.ಎಫ್. ಕಂಪನಿಯ ಕಾರುಗಳನ್ನು ಸ್ಟುಡಬೇಕರ್ ಡೀಲರುಗಳು ಮಾರತೊಡಗಿದರು. ಜಗಳವಾಯಿತು. ಕಡೆಗೆ 1910ರಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕಿನ ನೆರವಿನಿಂದ ಆ ಕಂಪನಿಯನ್ನೇ ಕೊಂಡರು. 1911ರಲ್ಲಿ ಸ್ಟುಡಬೇಕರ್ ಕಾರ್ಪೊರೇಷನ್ ಹುಟ್ಟಿತು.

ಇ.ಎಂ.ಎಫ್. ಕಾರುಗಳು ಪದೇ ಪದೇ ಕೆಡುತ್ತಿದ್ದವು. ಹೆಸರಿನ ಮೂರು ಅಕ್ಷರಗಳನ್ನೇ ಹಿಡಿದು ಜನ ಲೇವಡಿ ಮಾಡುತ್ತಿದ್ದರು. ಕಂಪನಿ ಮೆಕ್ಯಾನಿಕ್‌ಗಳನ್ನು ಗಿರಾಕಿಗಳ ಮನೆಬಾಗಿಲಿಗೇ ಕಳಿಸಿ, ಕೆಟ್ಟ ಭಾಗಗಳನ್ನು ಬದಲಿಸಿಕೊಟ್ಟಿತು. ಖರ್ಚು 10 ಲಕ್ಷ ಡಾಲರು. ತಾನು ಮಾಡದ ತಪ್ಪಿಗೂ, ತನ್ನ ಹೆಸರಿನಲ್ಲಿ ಮಾರಾಟವಾದ ಮೇಲೆ ಅದು ತನ್ನದೇ ಬಾಕಿ ಎಂದು ಒಪ್ಪಿಕೊಂಡ ಈ ನಡೆ ಓಹಾಯೋದ ಕುಲುಮೆಯಿಂದಲೇ ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಆದರೆ ಅದೇ ವರ್ಷಗಳಲ್ಲಿ ಲೆಕ್ಕದ ಪುಸ್ತಕದ ಇನ್ನೊಂದು ಬದಿ ಬದಲಾಗಿತ್ತು. ಕಂಪನಿ ಈಗ ಮುಖ ಕಾಣದ ಷೇರುದಾರರಿಗೆ ಬಾಕಿ.

ಕೊನೆಯ ಗಾಡಿ, ದೊಡ್ಡ ಲಾಭಾಂಶ

1915ರಲ್ಲಿ ಫಿಶ್ ಜಾಗಕ್ಕೆ ಆಲ್ಬರ್ಟ್ ಅರ್ಸ್‌ಕಿನ್ ಬಂದ. ಲೆಕ್ಕಪತ್ರದಲ್ಲಿ ಪಳಗಿದವನು, ಮನೆತನಕ್ಕೆ ಹೊರಗಿನವನು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಸಾವಿರಾರು ಗಾಡಿ, ಜೀನು, ಸರಂಜಾಮು ಹೋದವು. ಅದು ಕುದುರೆ ವ್ಯವಹಾರದ ಕೊನೆಯ ದೊಡ್ಡ ಸುಗ್ಗಿ. 1917ರಲ್ಲಿ ಜಾನ್ ತೀರಿಕೊಂಡ. 1920ರಲ್ಲಿ ಕೊನೆಯ ಗಾಡಿ ಹೊರಬಂತು, ಆ ವಿಭಾಗವನ್ನು ಕೆಂಟಕಿಯ ಕಂಪನಿಯೊಂದಕ್ಕೆ ಮಾರಿದರು. 68 ವರ್ಷದ ಕಸುಬು ನಿಂತಿತು.

1929ರ ಕುಸಿತವನ್ನು ಅರ್ಸ್‌ಕಿನ್ ತಾತ್ಕಾಲಿಕ ಎಂದು ನಂಬಿದ. 1930ರಲ್ಲಿ ಷೇರುದಾರರಿಗೆ ಹಂಚಿದ ಲಾಭಾಂಶ ಆ ವರ್ಷದ ನಿಜವಾದ ಲಾಭದ ಸುಮಾರು ಐದು ಪಟ್ಟು. ಕೂಡಿಟ್ಟದ್ದನ್ನು ತೆಗೆದು ಕೊಟ್ಟದ್ದು. ಕಾಯುವ ಶಕ್ತಿಗಾಗಿ ಒಬ್ಬ ಹುಡುಗ ಐದು ವರ್ಷ ತಳ್ಳುಗಾಡಿ ಕೆತ್ತಿದ ಮನೆಯಲ್ಲಿ, ಕಾಯಬೇಕಾದ ಹೊತ್ತಿನಲ್ಲೇ ಆ ಶಕ್ತಿಯನ್ನು ಹಂಚಿ ಮುಗಿಸಿದರು. 1933ರ ಮಾರ್ಚಿನಲ್ಲಿ ಕಂಪನಿ, ಸಾಲ ತೀರಿಸಲಾಗದ ಸಂಸ್ಥೆಯನ್ನು ನೋಡಿಕೊಳ್ಳಲು ಕೋರ್ಟು ನೇಮಿಸುವ ರಿಸೀವರುಗಳ ಕೈಗೆ ಹೋಯಿತು. ಜುಲೈ 1ರಂದು ಅರ್ಸ್‌ಕಿನ್ ಪ್ರಾಣ ಕಳೆದುಕೊಂಡ. ಪಾಲ್ ಹಾಫ್‌ಮನ್ ಮತ್ತು ಹೆರಾಲ್ಡ್ ವ್ಯಾನ್ಸ್ ಎಂಬಿಬ್ಬರು ಕಂಪನಿಯನ್ನು ಎತ್ತಿ ನಿಲ್ಲಿಸಿದರು. ಎರಡನೇ ಮಹಾಯುದ್ಧದಲ್ಲಿ ಸ್ಟುಡಬೇಕರ್ ಲಾರಿಗಳು ಭಾರೀ ಸಂಖ್ಯೆಯಲ್ಲಿ ಸೋವಿಯತ್ ಸೇನೆಗೆ ಹೋದವು, ಕತ್ಯೂಷಾ ರಾಕೆಟ್‌ಗಳನ್ನು ಹೊತ್ತು ಓಡಾಡಿದವು. ಯುದ್ಧದ ನಂತರ ಫೋರ್ಡ್ ಮತ್ತು ಜನರಲ್ ಮೋಟಾರ್ಸ್‌ಗಳ ದರ ಸಮರಕ್ಕೆ ಎದುರು ನಿಲ್ಲಲಾಗಲಿಲ್ಲ. 1954ರಲ್ಲಿ ಪ್ಯಾಕಾರ್ಡ್ ಎಂಬ ಇನ್ನೊಂದು ಕಾರು ಕಂಪನಿಯ ಜೊತೆ ಕೂಡಿಕೆಯಾಯಿತು.

15 ಸೆಂಟು

1963ರ ಡಿಸೆಂಬರ್ 9ರಂದು ಸೌತ್ ಬೆಂಡ್ ಕಾರ್ಖಾನೆ ಮುಚ್ಚುತ್ತದೆಂದು ಪ್ರಕಟಣೆ ಹೊರಬಿತ್ತು. ಕ್ರಿಸ್‌ಮಸ್‌ಗೆ ಐದು ದಿನ ಮುಂಚೆ ಅಲ್ಲಿನ ಕೊನೆಯ ಕಾರು ಇಳಿಯಿತು. ಕೆನಡಾದ ಹ್ಯಾಮಿಲ್ಟನ್ ಘಟಕ 1966ರ ಮಾರ್ಚಿನವರೆಗೆ ಉಸಿರಾಡಿತು.

ಕಾರ್ಮಿಕರ ಪಿಂಚಣಿ ನಿಧಿಯಲ್ಲಿ ಕೊಡಬೇಕಾದಷ್ಟು ಹಣ ಇರಲಿಲ್ಲ. ವರ್ಷ ವರ್ಷ ಪಿಂಚಣಿಯ ಭರವಸೆ ಏರಿಸಿದ್ದರು, ಅದಕ್ಕೆ ತಕ್ಕ ಹಣವನ್ನು ಮುಂದಿನ ದಶಕಗಳಲ್ಲಿ ತುಂಬುತ್ತೇವೆ ಎಂಬ ಲೆಕ್ಕದ ಮೇಲೆ. ಕಾರ್ಖಾನೆಯೇ ಇಲ್ಲವಾದಾಗ ಆ ಮುಂದಿನ ದಶಕಗಳೂ ಇಲ್ಲವಾದವು. ಆಗಲೇ ನಿವೃತ್ತರಾದವರಿಗೆ, 60 ದಾಟಿದವರಿಗೆ ಪೂರ್ತಿ ಸಿಕ್ಕಿತು. 40ರಿಂದ 59ರ ನಡುವಿನ 4,000ಕ್ಕೂ ಹೆಚ್ಚು ಜನರಿಗೆ ಸಿಗಬೇಕಾದ ಪ್ರತಿ ಡಾಲರಿಗೆ ಸುಮಾರು 15 ಸೆಂಟು ಬಂತು. ಇವರ ಸರಾಸರಿ ವಯಸ್ಸು 52, ದುಡಿದದ್ದು ಸರಾಸರಿ 23 ವರ್ಷ. ಇನ್ನೂ ಕಿರಿಯರಿಗೆ ಏನೂ ಇಲ್ಲ. ಒಪ್ಪಂದದ ಪ್ರಕಾರ ನಿಧಿಯಲ್ಲಿದ್ದಷ್ಟೇ ಹೊಣೆ, ಆದ್ದರಿಂದ ಕಂಪನಿ ಕಾನೂನು ಮುರಿದಿರಲಿಲ್ಲ. ಬಾಕಿ ಮಾತ್ರ ಬಾಕಿಯಾಗಿಯೇ ಉಳಿಯಿತು.

ಕಾರ್ಮಿಕ ಸಂಘಟನೆ ಈ ಪ್ರಕರಣವನ್ನು ವಾಷಿಂಗ್ಟನ್ನಿಗೆ ಒಯ್ದಿತು. ಹನ್ನೊಂದು ವರ್ಷಗಳ ನಂತರ, 1974ರ ಸೆಪ್ಟೆಂಬರಿನಲ್ಲಿ, ಖಾಸಗಿ ಪಿಂಚಣಿ ನಿಧಿಗಳನ್ನು ಕಾಯುವ ಕಾನೂನಿಗೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ. ಕಂಪನಿ ಮುಳುಗಿದರೆ ಪಿಂಚಣಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆಯೂ ಅದರಿಂದಲೇ ಹುಟ್ಟಿತು. 1963ರಲ್ಲಿ ಕೆಲಸ ಕಳೆದುಕೊಂಡ ಸೌತ್ ಬೆಂಡ್‌ನವರಿಗೆ ಅದು ಅನ್ವಯಿಸಲಿಲ್ಲ.